ಅಂಗೈಯಗಲದ ಮನೆ: ಮನಸ್ಸಿಗೆ ಮದ್ದು, ಜೊತೆಗಿರಲಿ ಎಚ್ಚರ

"ಡಾಕ್ಟ್ರೇ, ರಾತ್ರಿ ಹೊತ್ತು ನಿದ್ದೆ ಬರಲ್ಲ. ಒಂದು ಗುಳಿಗೆ ಬರ್ಕೊಡಿ, ಅಷ್ಟೇ ಸಾಕು."

ಮೂರು ವರ್ಷದ ಹಿಂದೆ ಮಧುಗಿರಿ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ತಾಯಿಯೊಬ್ಬರು ಹೇಳಿದ ಮಾತಿದು. ವಯಸ್ಸು ಅರವತ್ತೈದು ದಾಟಿತ್ತು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಯಜಮಾನರು ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗ ಹಳೆಯ ಮಾಳಿಗೆ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿಸಿದ್ದ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಲ್ಲವನ್ನೂ ನೋಡಿದೆ. ಹೇಳಿಕೊಳ್ಳುವಂಥ ದೋಷ ಕಾಣಲಿಲ್ಲ. ಸ್ವಲ್ಪ ಹೊತ್ತು ಮಾತಾಡಿಸಿದ ಮೇಲೆ ವಿಷಯ ತಿಳಿಯಿತು. ಹೊಸ ಮನೆಯಲ್ಲಿ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ. ಸೊಸೆ ಒಳ್ಳೆಯವಳು, "ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ" ಎನ್ನುತ್ತಿದ್ದಳು. ಆ ಸುಮ್ಮನೆ ಕೂರುವುದೇ ಅವರಿಗೆ ಕಾಯಿಲೆಯಾಗಿತ್ತು.

ದಸರಾ ಹತ್ತಿರದಲ್ಲಿತ್ತು. "ಬೊಂಬೆ ಕೂರಿಸ್ತೀರೇನಮ್ಮ?" ಎಂದು ಕೇಳಿದೆ. ಪ್ರತಿ ವರ್ಷ ಕೂರಿಸುತ್ತಿದ್ದರಂತೆ, ಸಾವಾದ ವರ್ಷವೆಂದು ಆ ಸಲ ಇಲ್ಲ. "ಹಾಗಾದರೆ ಮುಂದಿನ ವರ್ಷಕ್ಕೆ ಈಗಿನಿಂದಲೇ ಕೈಯಾರೆ ಏನಾದರೂ ಮಾಡಿಡಿ. ಗುಳಿಗೆ ಬೇಕೋ ಬೇಡವೋ ಆಮೇಲೆ ನೋಡೋಣ" ಎಂದೆ. ಆರು ವಾರ ಬಿಟ್ಟು ಬಂದಾಗ ಅವರ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ತೆರೆದು ನೋಡಿದರೆ ಒಳಗೆ ಕೆಡವಿದ ಅದೇ ಮನೆಯ ನಡುಮನೆ! ಐಸ್‌ಕ್ರೀಂ ಕಡ್ಡಿಯ ತೊಲೆಗಳು, ಕೆಮ್ಮಣ್ಣು ಬಳಿದ ಗೋಡೆ, ಗೋಡೆಯಲ್ಲಿ ದೀಪದ ಗೂಡು, ಮಾಳಿಗೆಯಲ್ಲಿ ಗವಾಕ್ಷಿ, ಮೂಲೆಯಲ್ಲಿ ಮಣ್ಣಿನ ವಾಡೆ, ಬೀಸುವ ಕಲ್ಲು. ಕಂಬಕ್ಕೆ ಒರಗಿ ಕುಳಿತ ಒಂದು ಬಟ್ಟೆ ಬೊಂಬೆ. ಅದಕ್ಕೆ ಯಜಮಾನರ ಹಳೆಯ ಪಂಚೆಯ ತುಂಡಿನಿಂದಲೇ ಪಂಚೆ ಉಡಿಸಿದ್ದರು. ಗುಳಿಗೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದೇ ಪುಟ್ಟ ಮನೆ ಮರುವರ್ಷ ಅವರ ಮೊಮ್ಮಗನ ಪ್ರಾಣಕ್ಕೆ ಸಂಚಕಾರ ತಂದಿತ್ತು. ಅದನ್ನು ಮುಂದೆ ಹೇಳುತ್ತೇನೆ. ಈ ವಾರ ಇಂಥ ಪುಟ್ಟ ಕೋಣೆ, ಪುಟ್ಟ ಬೊಂಬೆ ಮಾಡುವ ಹವ್ಯಾಸದ ಲಾಭ ಮತ್ತು ಅಪಾಯ ಎರಡನ್ನೂ ತಿಳಿಯೋಣ.

ನಮಗೆ ಹೊಸದೇನಲ್ಲ

ಈಗ ಪೇಟೆಗಳಲ್ಲಿ ಇದಕ್ಕೆ 'ಮಿನಿಯೇಚರ್' ಎನ್ನುತ್ತಾರೆ. ಕಿಟ್ ತರಿಸಿ ಪುಟ್ಟ ಅಡುಗೆಮನೆ, ಪುಟ್ಟ ಗ್ರಂಥಾಲಯ ಜೋಡಿಸುವವರಿದ್ದಾರೆ. ಮದುಮಕ್ಕಳ ಮುಖವನ್ನೇ ಹೋಲುವ ಬೊಂಬೆ ಮಾಡಿಕೊಡುವವರೂ ಇದ್ದಾರೆ. ಆದರೆ ಹಳೇ ಮೈಸೂರು ಸೀಮೆಯವರಿಗೆ ಇದು ಹಳೆಯ ವಿದ್ಯೆ. ದಸರಾ ಬೊಂಬೆಯ ಮೂರು, ಐದು, ಏಳು, ಒಂಬತ್ತು ಮೆಟ್ಟಿಲುಗಳಲ್ಲಿ ರಕ್ತಚಂದನದ ಪಟ್ಟದ ಬೊಂಬೆಗಳು ಮೇಲೆ ಕೂರುತ್ತವೆ. ಮದುವೆಯಲ್ಲಿ ತವರಿನವರು ಕೊಟ್ಟ ಆ ರಾಜ ರಾಣಿಯರಿಗೆ ಪ್ರತಿ ವರ್ಷ ಹೊಸ ಜರಿ ಬಟ್ಟೆ, ಮಣಿಸರ, ಕಿರೀಟ ಮನೆಯಲ್ಲೇ ತಯಾರಾಗುತ್ತವೆ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ, ಅದರ ಮುಂದೆ ಚಿಟಿಕೆ ಚಿಟಿಕೆ ಅಕ್ಕಿ, ಬೇಳೆ, ಬೆಲ್ಲ. ನೆಲದ ಮೇಲೆ ರಾಗಿ ಮೊಳಕೆ ಬರಿಸಿದ ಪಾರ್ಕು, ಬೆಟ್ಟ, ಮದುವೆ ಮನೆ, ಸಂತೆ. ಆಂಧ್ರದ ಸೀಮೆಯೊಳಗೆ ಚಾಚಿಕೊಂಡಿರುವ ಪಾವಗಡದ ಕಡೆ ತೆಲುಗು ಮನೆಮಾತಿನವರು ಇದನ್ನೇ 'ಬೊಮ್ಮಲ ಕೊಲುವು' ಎನ್ನುತ್ತಾರೆ. ಬೊಂಬೆ ಕೂರಿಸುವ ಪದ್ಧತಿ ಇಲ್ಲದ ಮನೆಗಳಲ್ಲಿಯೂ ಮಕ್ಕಳು ಜೋಳದ ದಂಟಿನಿಂದ ಎತ್ತಿನ ಗಾಡಿ, ಕೆರೆ ಮಣ್ಣಿನಿಂದ ಎತ್ತು ಮಾಡಿಯೇ ಬೆಳೆದವರು.

ಬೊಂಬೆಗೆ ಹೆಸರಾದ ಊರುಗಳೂ ನಮ್ಮಲ್ಲೇ ಇವೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರದ ಬೊಂಬೆಗಳಿಗೆ ಹುಣಸೆ ಬೀಜದ ಸರಿಯನ್ನು ಬಳಸುತ್ತಾರೆ. ಹುಣಸೆಗೆ ಹೆಸರಾದ ನಮ್ಮ ತುಮಕೂರು ಜಿಲ್ಲೆಯವರು ಈ ಮಾತನ್ನು ನೆನಪಿಡಬೇಕು. ಇದಕ್ಕೂ ಆರೋಗ್ಯಕ್ಕೂ ನಂಟಿದೆ, ಮುಂದೆ ಹೇಳುತ್ತೇನೆ.

ಹೊರದೇಶಗಳಲ್ಲಿ ಇದು ಬಲು ದೊಡ್ಡ ಹವ್ಯಾಸ. ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಒಂದು ಬೊಂಬೆ ಮನೆ ಕಟ್ಟಿದರು. ಅದರ ವಿನ್ಯಾಸ ಮಾಡಿದವರು ನಮ್ಮ ಹೊಸದಿಲ್ಲಿಯನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್. ಅದರಲ್ಲಿ ವಿದ್ಯುದ್ದೀಪ ಉರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ. ಅಳತೆ ಸರಳ: ನಿಜದ ಒಂದು ಅಡಿಗೆ ಬೊಂಬೆ ಮನೆಯಲ್ಲಿ ಒಂದು ಅಂಗುಲ. ಹತ್ತು ಅಡಿ ಉದ್ದದ ಕೋಣೆ ಹತ್ತು ಅಂಗುಲವಾಗುತ್ತದೆ, ಐದೂವರೆ ಅಡಿಯ ಆಳು ಐದೂವರೆ ಅಂಗುಲವಾಗುತ್ತಾನೆ. ಮನೆಯಲ್ಲಿ ಮಾಡುವವರಿಗೂ ಈ ಲೆಕ್ಕ ಅನುಕೂಲ.

ವೈದ್ಯರಿಗೂ ಈ ವಿದ್ಯೆ ಉಪಯೋಗಕ್ಕೆ ಬಂದಿದೆ. ಅಮೆರಿಕದಲ್ಲಿ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಮಹಿಳೆ 1940ರ ದಶಕದಲ್ಲಿ ಇದೇ ಅಳತೆಯಲ್ಲಿ ಸಾವು ಸಂಭವಿಸಿದ ಕೋಣೆಗಳನ್ನು ಮಾಡಿದರು. ಸಾವಿನ ಕಾರಣ ಹುಡುಕುವುದು ಹೇಗೆಂದು ಪೊಲೀಸರಿಗೆ ಕಲಿಸಲು ಅವು ಬಳಕೆಯಾದವು. ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1920ರ ದಶಕದ ಕೊನೆಯಲ್ಲಿ ಮರಳಿನ ತಟ್ಟೆ ಮತ್ತು ಪುಟ್ಟ ಬೊಂಬೆಗಳನ್ನು ಮಕ್ಕಳ ಮುಂದಿಟ್ಟರು. ಬಾಯಿಬಿಟ್ಟು ಹೇಳಲಾರದ ದುಃಖವನ್ನು ಮಕ್ಕಳು ಆ ಬೊಂಬೆಗಳನ್ನು ಜೋಡಿಸಿ ತೋರಿಸುತ್ತಿದ್ದರು. ನಮ್ಮ ಅಜ್ಜಿ ಮಾಡಿದ್ದೂ ಹೆಚ್ಚು ಕಡಿಮೆ ಅದನ್ನೇ.

ಮನಸ್ಸಿಗೆ ಏನು ಲಾಭ?

ಕೈಗೆ ಸಣ್ಣ ಕೆಲಸ ಸಿಕ್ಕಾಗ ಮನಸ್ಸು ಅಲ್ಲೇ ನಿಲ್ಲುತ್ತದೆ. ಹೋದದ್ದರ ಕೊರಗು, ಬರುವುದರ ಭಯ ಸ್ವಲ್ಪ ಹೊತ್ತು ದೂರ ಸರಿಯುತ್ತವೆ. ಇವತ್ತು ಕದ, ನಾಳೆ ಕಿಟಕಿ ಎಂದು ನಾಳೆಗೊಂದು ಕೆಲಸ ಉಳಿಯುತ್ತದೆ. ನಾಳೆಗೆ ಕೆಲಸವಿರುವವರು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳುತ್ತಾರೆ. ಹಗಲು ತೂಕಡಿಸದವರಿಗೆ ರಾತ್ರಿ ನಿದ್ದೆ ಬರುತ್ತದೆ. ಮೊಮ್ಮಕ್ಕಳು ಬಂದು "ಇದೇನಜ್ಜಿ?" ಎಂದು ಕೇಳುತ್ತಾರೆ. ವಾಡೆ ಎಂದರೇನು, ಒನಕೆ ಎಂದರೇನು ಎಂದು ಹೇಳಲು ಮಾತು ಹುಟ್ಟುತ್ತದೆ.

ಇದು ಬರೀ ನನ್ನ ಅನಿಸಿಕೆಯಲ್ಲ. 2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 16 ದೇಶಗಳ, 65 ವರ್ಷ ಮತ್ತು ಮೇಲ್ಪಟ್ಟ 93 ಸಾವಿರಕ್ಕೂ ಹೆಚ್ಚು ಮಂದಿಯ ಮಾಹಿತಿ ಅದರಲ್ಲಿತ್ತು. ಯಾವುದಾದರೊಂದು ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ತಾವು ಆರೋಗ್ಯವಾಗಿದ್ದೇವೆ ಎಂಬ ಭಾವನೆ ಹೆಚ್ಚು ಎಂದು ಕಂಡುಬಂತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಆರೋಗ್ಯವಾಗಿರುವವರೇ ಹವ್ಯಾಸ ಹಿಡಿಯುವುದೂ ಉಂಟು, ಆದ್ದರಿಂದ ಹವ್ಯಾಸವೊಂದೇ ಔಷಧ ಎಂದು ತಿಳಿಯಬಾರದು.

ಇನ್ನೊಂದು ಎಚ್ಚರಿಕೆ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಇದ್ದಕ್ಕಿದ್ದಂತೆ ಬಿಟ್ಟು, ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, "ಬದುಕಿ ಏನು ಪ್ರಯೋಜನ" ಎನ್ನುತ್ತಿದ್ದರೆ "ವಯಸ್ಸಾಯಿತು, ಇದೆಲ್ಲ ಮಾಮೂಲು" ಎಂದು ಬಿಡಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಕೈ ಕೊಡುವ ಮುನ್ಸೂಚನೆ

ಸಣ್ಣ ಕೆಲಸ ಮಾಡುವವರಿಗೆ ಕೈಯ ದೋಷ ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ದಾರ ಪೋಣಿಸುವಾಗ, ಗುಂಡಿ ಹಾಕುವಾಗ ಬೆರಳು ಮಾತು ಕೇಳದಿದ್ದರೆ ಕತ್ತಿನ ಮೂಳೆಗಳ ನಡುವೆ ನರ ಒತ್ತಿರಬಹುದು. ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಇರುಕಿಕೊಂಡಿರಬಹುದು. ಸುಮ್ಮನೆ ಕೂತಾಗ ಒಂದೇ ಕೈ ನಡುಗುವುದು, ಕೈಬರಹ ದಿನೇ ದಿನೇ ಸಣ್ಣದಾಗುವುದು ಪಾರ್ಕಿನ್ಸನ್ ಕಾಯಿಲೆಯ ಆರಂಭವಿರಬಹುದು. ಇವೆಲ್ಲಕ್ಕೂ ನಿಧಾನವಾಗಿ, ಆದರೆ ತಪ್ಪದೆ ವೈದ್ಯರನ್ನು ಕಾಣಬೇಕು.

ನಿಧಾನ ಮಾಡಬಾರದ್ದು ಒಂದಿದೆ. ಕೆಲಸ ಮಾಡುತ್ತಿರುವಾಗಲೇ ಕುಂಚ ಕೈಜಾರಿ ಬಿದ್ದು, ಒಂದು ಕೈಯ ಶಕ್ತಿ ಹೋದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಮಲಗಿಸಿ ಎಣ್ಣೆ ತಿಕ್ಕುತ್ತಾ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ.

ಸಂಧಿವಾತ ಇರುವವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ಜೇಡಿಮಣ್ಣು ಅಥವಾ ಮೈದಾ ಕಣಕ ನಾದಿ ಬೊಂಬೆ ಮಾಡಿದರೆ ಬೆರಳಿಗೆ ಒಳ್ಳೆಯ ವ್ಯಾಯಾಮ. ಕೀಲು ಕೆಂಪಗಾಗಿ ಊದಿರುವ ದಿನ ಮಾತ್ರ ಬಿಡುವು ಕೊಡಿ.

ಕಣ್ಣು ಮತ್ತು ಕತ್ತು

ನಲವತ್ತು ದಾಟಿದವರಿಗೆ ಹತ್ತಿರದ್ದು ಮಂಜಾಗುವುದು ಸಹಜ, ನನಗೂ ಆಗಿದೆ. ಚಾಳೀಸು ಹಾಕಲು ಸಂಕೋಚಪಟ್ಟು ಕಣ್ಣು ಕಿರಿದು ಮಾಡಿ ಕೆಲಸ ಮಾಡಿದರೆ ತಲೆನೋವು ಬರುತ್ತದೆಯೇ ಹೊರತು ಕಣ್ಣು ಸರಿಹೋಗದು. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಕನ್ನಡಕ ಕೊಳ್ಳದೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯನ್ನೂ ತೋರಿಸಬೇಕು.

ಬಲಗೈಯವರಿಗೆ ಬೆಳಕು ಎಡಭುಜದ ಕಡೆಯಿಂದ ಬೀಳಲಿ. ಆಗ ಕೈಯ ನೆರಳು ಕೆಲಸದ ಮೇಲೆ ಬೀಳದು. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ನಾಲ್ಕಾರು ಸಲ ರೆಪ್ಪೆ ಬಡಿಯಿರಿ. ನೆಲದ ಮೇಲೆ ಕುಳಿತು ಬಗ್ಗಿ ಮಾಡುವ ಬದಲು ಎದೆಯ ಮಟ್ಟಕ್ಕೆ ಬರುವ ಮೇಜಿನ ಮೇಲೆ ಕೆಲಸವಿಟ್ಟುಕೊಂಡರೆ ಕತ್ತುನೋವು ಅರ್ಧ ಕಡಿಮೆಯಾದಂತೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದವರೆಗೆ ಓಡಾಡಿ ಬನ್ನಿ.

ನಮ್ಮ ಸೀಮೆಯವರಿಗೆ ಇನ್ನೊಂದು ಮಾತು. ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕತ್ತು, ಸೊಂಟ, ಕೀಲುಗಳು ಬಿಗಿಯಾಗುತ್ತವೆ. ಕೆಲಸ ಬಿಟ್ಟು ವಾರವಾದರೂ ಕತ್ತು ಬಗ್ಗದಿದ್ದರೆ ಹವ್ಯಾಸವನ್ನು ದೂರಬೇಡಿ. ಕುಡಿಯುವ ನೀರು ಯಾವುದೆಂದು ಯೋಚಿಸಿ, ವೈದ್ಯರಿಗೂ ತಿಳಿಸಿ.

ಅಂಟು, ಬಣ್ಣ, ಪ್ಲಾಸ್ಟರ್

ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೆರಳಿಗೆ ಬೆರಳನ್ನೇ ಅಂಟಿಸುತ್ತದೆ. ಆಗ ಎಳೆಯಬಾರದು, ಚರ್ಮ ಕಿತ್ತುಬರುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ಮೆಲ್ಲಗೆ ಉರುಳಿಸುತ್ತಾ ಬಿಡಿಸಿ. ಈ ಅಂಟು ಹತ್ತಿಗೆ ತಾಗಿದರೆ ತುಂಬಾ ಕಾವೇರಿ ಸುಡುತ್ತದೆ, ಆದ್ದರಿಂದ ಹತ್ತಿಯಿಂದ ಒರೆಸಬೇಡಿ. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆಯಿರಿ. ರೆಪ್ಪೆ ಅಂಟಿಕೊಂಡಿದ್ದರೆ ಬಲವಂತವಾಗಿ ಬಿಡಿಸಲು ಹೋಗದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಉಗುರುಬಣ್ಣ ತೆಗೆಯುವ ದ್ರವವನ್ನು ಕಣ್ಣಿನ ಹತ್ತಿರ ತರಲೇಬೇಡಿ.

ರಟ್ಟು, ಬಟ್ಟೆ, ಕಾಗದದ ಕೆಲಸಕ್ಕೆ ಇಷ್ಟೆಲ್ಲ ಉಗ್ರವಾದ ಅಂಟು ಬೇಕಿಲ್ಲ. ಮೈದಾ ಸರಿ ಸಾಕು. ಇಲ್ಲವೇ ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಿನಲ್ಲಿ ಕುದಿಸಿದರೆ ಗಟ್ಟಿ ಅಂಟು ಸಿದ್ಧ. ಮಗು ನೆಕ್ಕಿದರೂ ವಿಷವಿಲ್ಲ.

ಬಣ್ಣದ ವಿಷಯದಲ್ಲಿ ಮುಖ್ಯ ಶತ್ರು ಸೀಸ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ವಿಷ, ರಕ್ತಹೀನತೆಯನ್ನೂ ತರುತ್ತದೆ. ಮನೆ ಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ 2016ರ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ನೋಡಿಯೇ ಕೊಳ್ಳಿ. ಅಟ್ಟದ ಮೇಲಿರುವ ಹಳೆಯ ಬೊಂಬೆಗಳ ಹಳದಿ, ಕೆಂಪು ಬಣ್ಣ ಆ ಕಾಲದ್ದಲ್ಲ. ಅವುಗಳಿಗೆ ಹೊಸ ಬಣ್ಣ ಕೊಡುವಾಗ ಒಣಗಿದ ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ, ಹಳೆಯ ಪತ್ರಿಕೆ ಹಾಸಿಕೊಂಡು, ಮಕ್ಕಳಿಲ್ಲದ ಕಡೆ ಉಜ್ಜಿ. ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕೂರಿ.

ಬೊಂಬೆಗೆ ಕಣ್ಣು ಹುಬ್ಬು ಬರೆಯುವಾಗ ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಹಲವರಿಗಿದೆ. ಅಮೆರಿಕದಲ್ಲಿ ಗಡಿಯಾರದ ಮುಖಕ್ಕೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಹೀಗೇ ಮಾಡಿ ದವಡೆ ಮೂಳೆ ಕೊಳೆತು ಸತ್ತರು. 1920ರ ದಶಕದಲ್ಲಿ ಅದು ನ್ಯಾಯಾಲಯ ಹತ್ತಿದ ದೊಡ್ಡ ಪ್ರಕರಣ. ಇಂದಿನ ಬಣ್ಣದಲ್ಲಿ ರೇಡಿಯಂ ಇಲ್ಲ, ಆದರೂ ಆ ಅಭ್ಯಾಸ ಬೇಡ.

ಪ್ಲಾಸ್ಟರ್ ಆಫ್ ಪ್ಯಾರಿಸ್ ನಮಗೆಲ್ಲ ಗೊತ್ತು. ಕೈ ಮುರಿದಾಗ 'ಸಿಮೆಂಟ್ ಹಾಕಿದ್ದಾರೆ' ಎನ್ನುತ್ತೇವಲ್ಲ, ಅದೇ. ನೀರು ಕಲಸಿದ ಮೇಲೆ ಅದು ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ದಪ್ಪ ಮುದ್ದೆಯಾದಷ್ಟೂ ಕಾವು ಜಾಸ್ತಿ. 2007ರಲ್ಲಿ ಇಂಗ್ಲೆಂಡಿನ 16 ವರ್ಷದ ಶಾಲಾ ಬಾಲಕಿಯೊಬ್ಬಳು ಕೈಯ ಅಚ್ಚು ತೆಗೆಯಲು ಪ್ಲಾಸ್ಟರಿನೊಳಗೆ ಕೈಯಿಟ್ಟು, ತೆಗೆಯಲಾಗದೆ ಸುಟ್ಟುಹೋಗಿ ಬಹುತೇಕ ಬೆರಳುಗಳನ್ನೇ ಕಳೆದುಕೊಂಡಳು. ಮಗುವಿನ ಕೈಯನ್ನಾಗಲಿ ಕಾಲನ್ನಾಗಲಿ ಎಂದೂ ಅದರೊಳಗೆ ಮುಳುಗಿಸಬೇಡಿ. ಜೇಡಿಮಣ್ಣಿನಲ್ಲಿ ಅಚ್ಚೊತ್ತಿಸಿ, ಆ ಅಚ್ಚಿಗೆ ಪ್ಲಾಸ್ಟರ್ ಸುರಿಯಿರಿ.

ಥರ್ಮೋಕೋಲನ್ನು ಕಾದ ತಂತಿಯಿಂದ ಕತ್ತರಿಸಿದರೆ ಬರುವ ಹೊಗೆ ಕಣ್ಣು ಗಂಟಲು ಉರಿಸುತ್ತದೆ, ಅಸ್ತಮಾ ಇರುವವರಿಗೆ ಉಬ್ಬಸ ತರುತ್ತದೆ. ಚೂಪಾದ ಚಾಕುವಿನಿಂದ ಬಯಲಿನಲ್ಲಿ ಕತ್ತರಿಸಿ. ಥಿನ್ನರ್, ಸ್ಪ್ರೇ ಬಣ್ಣಗಳನ್ನೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಳಸಬೇಡಿ. ಥರ್ಮೋಕೋಲ್, ಬಟ್ಟೆ, ಕಾಗದ ಇರುವ ಬೊಂಬೆಯ ಮೆಟ್ಟಿಲ ಬಳಿ ಎಣ್ಣೆ ದೀಪ ಹಚ್ಚಿದ್ದರೆ ಅಲ್ಲಿ ಒಬ್ಬರು ಇರಲೇಬೇಕು.

ಕೈ ಕೊಯ್ದುಕೊಂಡರೆ

ಕಟ್ಟರ್ ಬ್ಲೇಡಿನಿಂದ ಒಂದೇ ಏಟಿಗೆ ರಟ್ಟು ಕತ್ತರಿಸಲು ಹೋದರೆ ಜಾರುವುದು ಖಂಡಿತ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಹಗುರವಾಗಿ ನಾಲ್ಕೈದು ಸಲ ಗೀರಿ. ಬ್ಲೇಡಿನ ದಾರಿಯಲ್ಲಿ ಬೆರಳಿರಬಾರದು. ಕೊಯ್ದರೆ ನಲ್ಲಿ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಕಾಫಿ ಪುಡಿ, ಸುಣ್ಣ, ಸೀಮೆಎಣ್ಣೆ ಬೇಡವೇ ಬೇಡ. ಬೆರಳು ಮಡಿಸಲು ಆಗದಿದ್ದರೆ ಅಥವಾ ತುದಿ ಮರಗಟ್ಟಿದ್ದರೆ ಸ್ನಾಯುರಜ್ಜು, ನರ ತುಂಡಾಗಿರಬಹುದು, ಅಂದೇ ತೋರಿಸಬೇಕು. ಧನುರ್ವಾಯು ಲಸಿಕೆ ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ. ಗಾಯಕ್ಕೆ ಮಣ್ಣು, ಸಗಣಿ ತಾಗಿದ್ದರೆ ಐದು ವರ್ಷವಾಗಿದ್ದರೂ ಬೇಕು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶ ಮಂದವಾದವರು ಬಿಸಿ ಅಂಟು ಗನ್ನನ್ನು ಮುಟ್ಟದಿರುವುದೇ ಲೇಸು.

ನಾಣ್ಯದಂಥ ಸೆಲ್ಲು, ಬೆಂಕಿಯಂಥ ಗುಣ

ಈಗ ಅಜ್ಜಿಯ ಮನೆಗೆ ಮರಳೋಣ. ಮರುವರ್ಷ ದಸರಾಕ್ಕೆ ಮಗ ಪೇಟೆಯಿಂದ ಪುಟ್ಟ ಎಲ್‌ಇಡಿ ದೀಪ ತಂದು ಆ ನಡುಮನೆಯ ಗೂಡಿನಲ್ಲಿಟ್ಟ. ಸಂಜೆ ಎಲ್ಲರೂ ಕೋಸಂಬರಿ ಹಂಚುವ ಗಡಿಬಿಡಿಯಲ್ಲಿದ್ದಾಗ ಮೂರು ವರ್ಷದ ಮೊಮ್ಮಗ ದೀಪವನ್ನು ಕಿತ್ತು, ಒಳಗಿನ ಸೆಲ್ಲು ತೆಗೆದು ಬಾಯಿಗೆ ಹಾಕಿಕೊಂಡ. ಅಕ್ಕ ನೋಡಿ ಕೂಗಿಕೊಂಡಳು. ಮಗು ಅಳಲಿಲ್ಲ, ಕೆಮ್ಮಲಿಲ್ಲ. "ಬಾಳೆಹಣ್ಣು ತಿನ್ನಿಸಿ, ಬೆಳಿಗ್ಗೆ ಕೆಳಗೆ ಹೋಗುತ್ತೆ" ಎಂದರು ನೆರೆಯವರು. ಅಜ್ಜಿಗೆ ಸಮಾಧಾನವಾಗದೆ ನನಗೆ ಫೋನು ಮಾಡಿಸಿದರು.

ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದಾದ, ಮೇಲೆ 2032 ಎಂದು ಬರೆದಿರುವ ಈ ಲಿಥಿಯಂ ಸೆಲ್ಲು 20 ಮಿಲಿಮೀಟರ್ ಅಗಲ, 3 ವೋಲ್ಟ್. ಪುಟ್ಟ ಮಕ್ಕಳ ಅನ್ನನಾಳದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಒದ್ದೆ ಮಾಂಸದ ಮೂಲಕ ವಿದ್ಯುತ್ ಹರಿದು, ಅಲ್ಲೇ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಸುಡತೊಡಗುತ್ತದೆ. ಎರಡು ಗಂಟೆಯೊಳಗೇ ಆಳವಾದ ಗಾಯವಾಗಬಹುದು. ತಡವಾದರೆ ಅನ್ನನಾಳ ತೂತಾಗಿ ಪಕ್ಕದ ದೊಡ್ಡ ರಕ್ತನಾಳಕ್ಕೂ ಹಾನಿ ತಗಲಿ ಮಗು ಸಾಯಬಹುದು. ದೀಪ ಉರಿಸಲಾಗದ ಹಳೆಯ ಸೆಲ್ಲಿಗೂ ಸುಡುವಷ್ಟು ಶಕ್ತಿ ಇರುತ್ತದೆ. ನಾಣ್ಯ ನುಂಗಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು, ಅಂದರೆ ಎರಡು ಗಂಟೆಯ ಹಾದಿ. ಹೀಗಾಗಿ ನಮ್ಮ ಕಡೆಯವರಿಗೆ ಪ್ರತಿ ನಿಮಿಷವೂ ಮುಖ್ಯ. ನಾನು ಫೋನಿನಲ್ಲಿ ಹೇಳಿದ್ದು ಹೀಗೆ: "ನನ್ನ ಹತ್ತಿರ ಬರಬೇಡಿ, ನೇರ ತುಮಕೂರಿಗೆ ಹೊರಡಿ. ಮನೆಯಲ್ಲಿ ಜೇನುತುಪ್ಪ ಇದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಕುಡಿಸಿ, ಆರು ಸಲಕ್ಕಿಂತ ಹೆಚ್ಚು ಬೇಡ. ಬೇರೆ ಏನನ್ನೂ ಕೊಡಬೇಡಿ. ವಾಂತಿ ಮಾಡಿಸಬೇಡಿ." ಜೇನುತುಪ್ಪ ಸೆಲ್ಲಿನ ಸುತ್ತ ಲೇಪವಾಗಿ ಸುಡುವಿಕೆಯನ್ನು ನಿಧಾನ ಮಾಡುತ್ತದೆ. ಇದು ಅಮೆರಿಕದ ವಿಷ ಮಾಹಿತಿ ಕೇಂದ್ರದವರ ಸಲಹೆಯಲ್ಲಿರುವ ಕ್ರಮ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ನುಂಗಲಾರದ ಮಗುವಿಗೂ, ಸೆಲ್ಲು ನುಂಗಿ ಹನ್ನೆರಡು ಗಂಟೆ ಮೀರಿದ್ದರೂ ಕೊಡಬಾರದು. ಜೇನು ಹುಡುಕುತ್ತಾ ಹೊರಡುವುದನ್ನು ತಡ ಮಾಡಲೂಬಾರದು. ಊರ ಹೆಸರಿನಲ್ಲೇ ಜೇನಿರುವ ಮಧುಗಿರಿಯವರು ಇಷ್ಟನ್ನಾದರೂ ನೆನಪಿಡಿ.

ಎಕ್ಸ್‌ರೇಯಲ್ಲಿ ನಾಣ್ಯ ಒಂದೇ ಬಳೆಯಂತೆ, ಸೆಲ್ಲು ಒಂದರೊಳಗೊಂದು ಎರಡು ಬಳೆಯಂತೆ ಕಾಣುತ್ತದೆ. ಮಗುವಿನ ಅನ್ನನಾಳದ ಮೇಲ್ಭಾಗದಲ್ಲಿ ಸೆಲ್ಲು ಸಿಕ್ಕಿಕೊಂಡಿತ್ತು. ಎಂಡೋಸ್ಕೋಪಿಯಿಂದ ಅದೇ ರಾತ್ರಿ ತೆಗೆದರು. ಒಳಗೆ ಸಣ್ಣ ಸುಟ್ಟ ಗಾಯವಾಗಿತ್ತು, ಕೆಲವು ವಾರದಲ್ಲಿ ಮಾಯಿತು. ಬೆಳಿಗ್ಗೆಯವರೆಗೆ ಕಾದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಯಾರೂ ನೋಡದಿದ್ದರೆ ಹೇಗೆ ತಿಳಿಯುವುದು? ಸೆಲ್ಲು ಕಾಣೆಯಾಗಿದ್ದು, ಮಗು ಜೊಲ್ಲು ಸುರಿಸುತ್ತಿದ್ದರೆ, ಊಟ ಬೇಡವೆಂದರೆ, ಕೆಮ್ಮುತ್ತಿದ್ದರೆ, ಎದೆ ಮುಟ್ಟಿ ಅಳುತ್ತಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಮೂಗಿನಲ್ಲಿ ಸೆಲ್ಲು ತುರುಕಿಕೊಂಡರೂ ಗಂಟೆಗಳಲ್ಲೇ ಮೂಗಿನ ನಡುಗೋಡೆ ತೂತಾಗುತ್ತದೆ. ಎಣ್ಣೆ, ಮೂಗಿನ ಹನಿ, ನೀರು ಏನನ್ನೂ ಬಿಡದೆ ವೈದ್ಯರಲ್ಲಿಗೆ ಓಡಿ. ಮಣಿ, ಥರ್ಮೋಕೋಲ್ ಗುಂಡು, ಹುಣಸೆ ಬೀಜ ಶ್ವಾಸನಾಳ ಸೇರಿದರೆ ಉಸಿರೇ ಕಟ್ಟಬಹುದು. ಕಿವಿಯಲ್ಲಿ ಕಾಳು ಸಿಕ್ಕಿಕೊಂಡರೆ ನೀರು ಹಾಕಬೇಡಿ, ನೆನೆದು ಊದುತ್ತದೆ.

ಮನೆಯವರು ನೆನಪಿಡಬೇಕಾದ್ದು

1. ಪುಟ್ಟ ಮನೆಗೆ ದೀಪ ಬೇಕೆಂದರೆ ಸೆಲ್ಲಿನ ಡಬ್ಬಿಗೆ ಸ್ಕ್ರೂ ಇರುವುದನ್ನೇ ಕೊಳ್ಳಿ. ಹಳೆಯ ಸೆಲ್ಲಿನ ಎರಡೂ ಬದಿಗೆ ಟೇಪು ಸುತ್ತಿ, ಮಕ್ಕಳಿಗೆ ಎಟುಕದ ಡಬ್ಬಿಗೆ ಹಾಕಿ.

2. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಮಣಿ, ಕಾಳು, ಸೂಜಿಯ ಬೊಂಬೆಗಳು ಮೇಲಿನ ಮೆಟ್ಟಿಲಲ್ಲಿರಲಿ. ಕೆಳಗಿನ ಮೆಟ್ಟಿಲಲ್ಲಿ ಮಗುವಿನ ಮುಷ್ಟಿಗಿಂತ ದೊಡ್ಡ ಬೊಂಬೆಗಳನ್ನಷ್ಟೇ ಇಡಿ.

3. ಅಂಟು, ಥಿನ್ನರನ್ನು ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ.

4. ಕೆಲಸ ಮುಗಿದ ಮೇಲೆ ಸೂಜಿ, ಬ್ಲೇಡು ಎಣಿಸಿ ಎತ್ತಿಡಿ, ನೆಲ ಗುಡಿಸಿ.

5. ದಿನಕ್ಕೆ ಒಂದೆರಡು ಗಂಟೆ ಸಾಕು. ಇದರ ನೆಪದಲ್ಲಿ ಸಂಜೆಯ ನಡಿಗೆ, ಬಿಪಿ ಮಾತ್ರೆ ತಪ್ಪಬಾರದು.

ಏನು ಮಾಡುವುದೆಂದು ತೋಚದವರು ಸುತ್ತಮುತ್ತ ನೋಡಿ. ಮಧುಗಿರಿಯ ಏಕಶಿಲೆಯ ಬೆಟ್ಟ ಮತ್ತು ಕೋಟೆ ಇದೆ, ಶಿರಾದ ಮಲಿಕ್ ರಿಹಾನ್ ಗೋರಿ ಇದೆ, ಕಗ್ಗಲಡುವಿನ ಹುಣಸೆ ಮರದ ಮೇಲಿನ ಕೊಕ್ಕರೆಗಳಿವೆ, ಗೊರವನಹಳ್ಳಿಯ ಗುಡಿ ಇದೆ, ಪಾವಗಡದ ಶನಿಮಹಾತ್ಮನ ದೇವಸ್ಥಾನ ಇದೆ. ಇಲ್ಲದಿದ್ದರೆ ನೀವು ಹುಟ್ಟಿದ ಮನೆ ಇದ್ದೇ ಇದೆ. ಬೆಂಕಿಪೊಟ್ಟಣ, ತೆಂಗಿನ ಚಿಪ್ಪು, ಒಡೆದ ಬಳೆ, ಹಳೇ ಸೀರೆಯ ಅಂಚು ಸಾಕು, ಕಿಟ್ ಕೊಳ್ಳಬೇಕಿಲ್ಲ.

ಆಸ್ಪತ್ರೆಯಿಂದ ಮಗು ಮನೆಗೆ ಬಂದ ಮೇಲೆ ಆ ತಾಯಿ ನನ್ನಲ್ಲಿಗೆ ಬಂದು, "ನನ್ನ ಹುಚ್ಚಿನಿಂದ ಮಗೂಗೆ ಹಿಂಗಾಯ್ತು ಡಾಕ್ಟ್ರೇ, ಅದನ್ನ ತಿಪ್ಪೆಗೆ ಹಾಕ್ತೀನಿ" ಎಂದು ಕಣ್ಣೀರಿಟ್ಟರು. "ತಪ್ಪು ಸೆಲ್ಲಿನದಮ್ಮ, ನಿಮ್ಮ ಮನೆಯದಲ್ಲ. ದೀಪ ಮಾತ್ರ ತೆಗೆದುಬಿಡಿ" ಎಂದೆ. ಈಗ ಆ ಗೂಡಿನಲ್ಲಿ ಹಳದಿ ಕಾಗದದ ಒಂದು ಕುಡಿ ಇದೆ. ಕಂಬದ ಬಳಿ ಕುಳಿತ ಅಜ್ಜನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೊಂಬೆ ಬಂದಿದೆ. ಅದಕ್ಕೆ ಚಡ್ಡಿ ಹೊಲಿದವರು ಅಜ್ಜಿ, ಕಣ್ಣು ಮೂಗು ಬರೆದವನು ಮೊಮ್ಮಗ. ಮೂಗು ಕೆನ್ನೆಯ ಮೇಲಿದೆ, ಇರಲಿ. ನಿದ್ದೆ ಗುಳಿಗೆಯ ಚೀಟಿಯನ್ನು ನಾನು ಇವತ್ತಿನವರೆಗೂ ಅವರಿಗೆ ಬರೆದಿಲ್ಲ.